ಏಳನೆಯ ಗಂಟು

ಜೂನ್ ೩, ಸೋಮವಾರ

ಕಿಟಕಿಯ ಪಕ್ಕದ ಕುರ್ಚಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಮಾಲೀಕರು ಅದರಲ್ಲಿ ಸೇತುವೆಯ ಆಚೆಯವಳೊಬ್ಬಳನ್ನು ತಂದು ಕೂರಿಸಿದರು. ನನ್ನ ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

ಅವಳು ಏನೇನು ಮಾಡುತ್ತಾಳೋ ಎಲ್ಲ ಬರೆದಿಡು ಎಂದು ಭಾವ ಹೇಳಿದ್ದಾರೆ. ತೀರಿಹೋದ ನನ್ನ ಗಂಡನ ಅಣ್ಣ ಅವರು, ಇಡೀ ಓಣಿಗೆ ಹಿರಿಯರು. ಅವರೇನೂ ಓದುವುದಿಲ್ಲ, ಭಾನುವಾರ ಬಾಯಲ್ಲಿ ಹೇಳಿದರೆ ಸಾಕಂತೆ. ಹಾಗಾಗಿ ಈ ಪುಸ್ತಕ ನನಗೊಬ್ಬಳಿಗೇ. ಮೊದಲ ಪುಟವಲ್ಲವೇ, ಗುರುತಿಲ್ಲದವರಿಗೆ ಹೇಳುವಂತೆ ಎಲ್ಲವನ್ನೂ ನೆಟ್ಟಗೆ ಬರೆದುಬಿಡುತ್ತೇನೆ.

ನಮ್ಮದು ವಿಗ್ ಮಾಡುವ ಜಾಗ. ಹನ್ನೊಂದು ಹೆಂಗಸರು, ಹನ್ನೊಂದು ಮಂದಿಯೂ ಸೇತುವೆಯ ಈಚೆಯ ನಮ್ಮವರೇ; ಆಚೆಯವರಿಗೂ ನಮಗೂ ಹಿಂದಿನಿಂದಲೂ ಹೊಂದಿಕೆಯಿಲ್ಲ. ತಲೆಯಾಕಾರದ ಬಲೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಎಳೆದು ಗಂಟು ಹಾಕಬೇಕು. ಪೇಟೆಯವರು ಹಾಕುವುದು ಒಂಟಿ ಗಂಟು, ಎರಡು ಸಲ ತೊಳೆದರೆ ಸಡಿಲ. ನಮ್ಮದು ಎಡಕ್ಕೆ ಎರಡು ಸುತ್ತಿ ಬಿಗಿಯುವ ಗಂಟು, ಜಗ್ಗಿದರೂ ಬಿಚ್ಚದು. ತಾಯಿಯಿಂದ ಮಗಳಿಗೆ ಬಂದದ್ದು. ಹೊರಗಿನವರು ಬಂದು ನಿಂತರೆ ಕೈಮೇಲೆ ಒಂದು ಬಟ್ಟೆ ಎಳೆದುಕೊಂಡು ಅದರ ಅಡಿಯಲ್ಲೇ ಹಾಕುತ್ತೇವೆ. ಮಾಲೀಕರಿಗೂ ಅದು ಗೊತ್ತಿಲ್ಲ. ಅವರು ಅವಳಿಗೆ ತೋರಿಸಿದ್ದು ಒಂಟಿ ಗಂಟು.

ಆರು ವಾರದಲ್ಲಿ ಅವಳು ತಾನೊಬ್ಬಳೇ ಒಂದು ವಿಗ್ ಮುಗಿಸಬೇಕು. ಮಾಲೀಕರು ಅದನ್ನು ತೊಳೆದು ನೂರು ಸಲ ಬಾಚುತ್ತಾರೆ. ಹತ್ತಕ್ಕಿಂತ ಹೆಚ್ಚು ಕೂದಲು ಉದುರಿದರೆ ಮನೆಗೆ.

"ಕಲಿಸೋದು ಬೇಡ, ತೋರಿಸೋದು ಬೇಡ, ಮಾತಂತೂ ಬೇಡ್ವೇ ಬೇಡ" ಎಂದರು ಭಾವ. "ತಾನಾಗೇ ಎದ್ದು ಹೋಗ್ತಾಳೆ. ಆಮೇಲೆ ಆ ಕುರ್ಚಿ ನಿನ್ನ ಮಗಳದ್ದು. ಅವಳ ಪಕ್ಕ ನೀನೇ ಇರೋದು ಒಳ್ಳೇದೇ ಆಯ್ತು. ನಿನ್ನಷ್ಟು ನಂಬಿಕಸ್ಥೆ ಇನ್ಯಾರಿದಾರೆ?"

ಇದನ್ನು ಕೇಳಿ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ.

ಜೂನ್ ೬, ಗುರುವಾರ

ಬರೆಯಲು ಏನೂ ಇಲ್ಲ. ಆಚೆಯವಳು ಬಂದಳು, ಕೂತಳು, ಹೋದಳು. ಒಂದು ಮಾತಿಲ್ಲ. ನಾವು ಮಾತಾಡುವುದಿಲ್ಲ ಸರಿ, ಅವಳಿಗೇನಾಗಿದೆ? ಒಂದು ನಮಸ್ಕಾರ ಕೂಡ ಇಲ್ಲ. ಸೊಕ್ಕು ಎಂದರೆ ಇದೇ.

ಬಟ್ಟೆಯದೇ ಒಂದು ಕಾಟವಾಗಿದೆ. ಗಿರಾಕಿ ಬಂದರೆ ಹತ್ತು ನಿಮಿಷ, ಇವಳಾದರೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಕೈ ಬೆವೆತು ಸೂಜಿ ಜಾರುತ್ತದೆ. ಎಲ್ಲರ ಕೆಲಸವೂ ಅರ್ಧಕ್ಕೆ ಇಳಿದಿದೆ. ಹಿರಿಯಕ್ಕ, ನಮ್ಮೆಲ್ಲರಿಗಿಂತ ಹಳಬಳು, ಊಟದ ಕೋಣೆಯಲ್ಲಿ ಕೈ ಬೀಸಿಕೊಳ್ಳುತ್ತ ಹೇಳಿದಳು: "ಮುಸುಕು ಹಾಕ್ಕೊಂಡು ಬೇಯೋರು ನಾವು, ಕಿಟಕಿ ಗಾಳಿ ಕುಡಿಯೋಳು ಅವಳು. ಶಿಕ್ಷೆ ಯಾರಿಗೆ ಕೊಟ್ಟಿದಾರೆ ಸ್ವಲ್ಪ ಕೇಳ್ಕೊಂಡು ಬನ್ನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಭಾವನ ಕಿವಿಗೆ ಬಿದ್ದರೆ ಎಂದು ನನಗೆ ಭಯ.

ಜೂನ್ ೧೧, ಮಂಗಳವಾರ

ಆಚೆಯವಳ ಕೆಲಸ ನೋಡಿದರೆ ಮೈ ಉರಿಯುತ್ತದೆ. ಕೂದಲನ್ನು ಬುಡದಲ್ಲಿ ಹಿಡಿಯುವುದಿಲ್ಲ, ಸಾಲು ಸೊಟ್ಟ, ಗಂಟು ಸಡಿಲ. ಹಲ್ಲಿನ ಮಧ್ಯೆ ಸಿಕ್ಕಿಕೊಂಡ ನಾರಿನಂತೆ ಇಡೀ ದಿನ ಅದೇ ಧ್ಯಾನ. ನನಗೇನು? ಉದುರಲಿ. ಉದುರಬೇಕು ಅಂತಲ್ಲವೇ ಇಷ್ಟೆಲ್ಲ.

ನನ್ನ ಸೂಜಿ ಕೆಳಗೆ ಬಿತ್ತು. ಎತ್ತಿ ಕೊಟ್ಟಳು. ತೆಗೆದುಕೊಂಡೆ. ತೆಗೆದುಕೊಳ್ಳುವುದು ಮಾತಲ್ಲ.

ಸಂಜೆ ಮಗಳು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಿಂದ ಬಂದು ಒಂದು ಗಂಟೆ ಕೆಮ್ಮಿದಳು. ಅಲ್ಲಿ ಕಾಯಿಸುವ ಅಂಟಿನ ಹಬೆ. ಒಂದು ವರ್ಷವಾಯಿತು, ಕೆಮ್ಮು ಈಗ ಎದೆಗೆ ಇಳಿದಿದೆ. ಆದರೂ ಕೆಮ್ಮುತ್ತಲೇ ಬಲೆಯ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಂಟು ಅಭ್ಯಾಸ ಮಾಡುತ್ತಾಳೆ. ಅಚ್ಚುಕಟ್ಟಾದ ಕೈ, ನನಗಿಂತ ಚೆನ್ನಾಗಿದೆ.

ನನ್ನ ಕೈಯಲ್ಲೊಂದು ತಪ್ಪಿದೆ. ಏಳು ಎಣಿಸಿ ಉಸಿರು ಬಿಡುವುದು ನನ್ನ ಅಭ್ಯಾಸ. ಉಸಿರು ಬಿಡುವಾಗ ಕೈ ತಾನಾಗಿ ಒಂದು ಸುತ್ತು ಹೆಚ್ಚು ಸುತ್ತುತ್ತದೆ. ಪ್ರತಿ ಏಳನೆಯ ಗಂಟಿಗೂ ಎರಡರ ಬದಲು ಮೂರು ಸುತ್ತು. ಬರಿಗಣ್ಣಿಗೆ ಕಾಣುವುದಿಲ್ಲ. "ಉಸಿರಾಡ್ತೀಯೋ ಗಂಟು ಹಾಕ್ತೀಯೋ, ಒಂದು ಮಾಡು" ಎಂದು ನನ್ನಮ್ಮ ಬೈದು ಬೈದು ಸೋತಳು. ಮಗಳು ಎಂಟು ವರ್ಷದವಳಿದ್ದಾಗ ಭೂತಗನ್ನಡಿ ಹಿಡಿದು ಅದನ್ನು ಕಂಡುಹಿಡಿದು ಚಪ್ಪಾಳೆ ತಟ್ಟಿದ್ದಳು. ಅದು ಅವಳಿಗೆ ಅಂಟಬಾರದೆಂದು ಕಲಿಯಲು ಹಿರಿಯಕ್ಕನ ಹತ್ತಿರ ಕಳಿಸಿದೆ.

ಜೂನ್ ೧೪, ಶುಕ್ರವಾರ

ಆಚೆಯವಳು ಅತ್ತಳು. ಸದ್ದಿಲ್ಲ, ಮೂಗು ಮಾತ್ರ ಒರೆಸಿಕೊಂಡಳು. ಕೈ ನಿಲ್ಲಿಸಲಿಲ್ಲ.

ನನ್ನ ಗಂಡ ಹಾಸಿಗೆ ಹಿಡಿದಿದ್ದಾಗ ನಾನೂ ಅದೇ ಸಾಲಿನಲ್ಲಿ ಕೂತು ಹಾಗೇ ಅತ್ತಿದ್ದೆ. ಆಗ ಐದು ತಿಂಗಳು ನನ್ನಿಂದ ಅರ್ಧ ದಿನದ ಕೆಲಸ ಕೂಡ ಆಗುತ್ತಿರಲಿಲ್ಲ. ಉಳಿದ ಹೆಂಗಸರು ತಮ್ಮ ಕೆಲಸ ಮುಗಿಸಿ, ಆಮೇಲೆ ಒಬ್ಬೊಬ್ಬರು ಒಂದೊಂದು ಗಂಟೆ ನನ್ನ ಬಲೆಗೆ ಗಂಟು ಹಾಕಿದರು. ಮಾಲೀಕರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನನ್ನ ಮನೆಯ ಒಲೆ ಉರಿದದ್ದು ಅವರ ಬೆರಳಿನಿಂದ. ಇವತ್ತಿಗೂ ಯಾರೊಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ. ಈ ಜನಕ್ಕೆ ನಾನು ಹೇಗೆ ಎರಡು ಬಗೆಯಲಿ?

ಯಾರು ಎರಡು ಬಗೆ ಅಂದರು? ನಾನೇ ಬರೆದೆ. ಸಾಕು.

ಜೂನ್ ೧೯, ಬುಧವಾರ

ಇದನ್ನು ಭಾವನಿಗೆ ಹೇಳಬೇಕಾಗಿಲ್ಲ.

ಮಧ್ಯಾಹ್ನ ಎಲ್ಲರೂ ಊಟದ ಕೋಣೆಗೆ ಹೋದರು. ಆಚೆಯವಳು ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಾಳೆ. ನಾನು ಕನ್ನಡಕ ಮರೆತು ವಾಪಸು ಬಂದೆ. ಅವಳ ಬಲೆ ಅಲ್ಲೇ ಮರದ ತಲೆಯ ಮೇಲಿತ್ತು. ಹಣೆಯ ಮೇಲಿನ ಮೊದಲ ಸಾಲು, ಎಲ್ಲರ ಕಣ್ಣು ಬೀಳುವ ಜಾಗ, ಸೊಟ್ಟಸೊಟ್ಟ. ಒಂದು ಗಂಟು ಬಿಚ್ಚಿದೆ. ಬಿಚ್ಚಿದ ಮೇಲೆ ಹಾಗೇ ಬಿಡಲಾಗುತ್ತದೆಯೇ? ಹಾಕಿದೆ. ಇನ್ನೊಂದು. ಅರ್ಧ ಸಾಲು ಮುಗಿದಾಗ ತಟ್ಟೆಗಳ ಸದ್ದು ಕೇಳಿ ಎದ್ದೆ.

ಇದು ಕಲಿಸುವುದಲ್ಲ. ಕಲಿಸುವುದೆಂದರೆ ಎದುರು ಕೂರಿಸಿಕೊಂಡು ಹೇಳಿಕೊಡುವುದು. ನಾನು ಕೆಟ್ಟ ಕೆಲಸ ಕಂಡು ತಡೆಯಲಾರದೆ ಸರಿ ಮಾಡಿದೆ, ಅಷ್ಟೆ. ಕಾಯಿಲೆ ಬಿದ್ದ ಯಾವಳೋ ಹೆಂಗಸು ಅದನ್ನು ತಲೆಗೆ ಇಟ್ಟುಕೊಳ್ಳುತ್ತಾಳೆ. ಅವಳೇನು ತಪ್ಪು ಮಾಡಿದ್ದಾಳೆ?

ಜೂನ್ ೨೦, ಗುರುವಾರ

ಇವತ್ತೂ ಅರ್ಧ ಸಾಲು.

ಜೂನ್ ೨೧, ಶುಕ್ರವಾರ

ಒಂದು ಸಾಲು. ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ಹಿರಿಯಕ್ಕ ಜೀರಿಗೆ ನೀರು ಕುಡಿ ಎಂದಳು. ಆ ಸುಳ್ಳು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಜೂನ್ ೨೫, ಮಂಗಳವಾರ

ಪಕ್ಕದವಳಿಗೆ ಗೊತ್ತಾಗಿದೆ.

ನಾನು ಹಾಕಿದ ಸಾಲಿನ ಮೇಲೆ ಬೆರಳಾಡಿಸಿದಳು. ನನ್ನ ಕಡೆ ತಿರುಗಲಿಲ್ಲ. ಸೂಜಿಯ ತುದಿಯಿಂದ ಒಂದು ಗಂಟನ್ನು ಬಿಚ್ಚಿದಳು, ನಿಧಾನವಾಗಿ, ಎಲ್ಲಿಂದ ಎಲ್ಲಿಗೆ ಸುತ್ತಿದೆ ಎಂದು ನೋಡುತ್ತ. ಮತ್ತೆ ಹಾಕಲು ಹೋದಳು, ಬರಲಿಲ್ಲ. ಇನ್ನೊಂದು ಬಿಚ್ಚಿದಳು. ಸಂಜೆಯವರೆಗೆ ಇದೇ. ನಾನು ಮೂರು ಮಧ್ಯಾಹ್ನ ಹಸಿದುಕೊಂಡು ಹಾಕಿದ ಗಂಟುಗಳಲ್ಲಿ ಅರ್ಧವನ್ನು ಬಿಚ್ಚಿ ಕೂತಳು, ಪಾಪಿ.

ಐದು ಗಂಟೆಯ ಹೊತ್ತಿಗೆ ಒಂದು ನಿಂತಿತು. ಎಡಕ್ಕೆ ಎರಡು ಸುತ್ತು. ಕೂದಲು ಜಗ್ಗಿ ನೋಡಿದಳು. ಬರಲಿಲ್ಲ. ಅವಳ ಮುಖ ನೋಡಬೇಕಿತ್ತು.

ನಾನು ನೋಡಬಾರದಿತ್ತು.

ಜೂನ್ ೨೮, ಶುಕ್ರವಾರ

ನನ್ನ ಬಟ್ಟೆ ಇವತ್ತು ಎರಡು ಸಲ ಜಾರಿತು. ಸೆಕೆ. ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ.

ಬಲ್ಬುಗಳು ಈಚೆಗೆ ತೀರಾ ಮಂಕು. ಮಾಲೀಕರಿಗೆ ಹೇಳಬೇಕು. ಕಂದು ಕೂದಲು ಯಾವುದು, ಕಪ್ಪು ಯಾವುದು ಎಂದು ಮೂರು ಸಲ ತಪ್ಪಿದೆ. ಪಕ್ಕದವಳು ತನ್ನ ಮೇಜಿನ ದೀಪದ ಕತ್ತನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಮಧ್ಯಾಹ್ನ ಬಂದು ನೋಡಿದರೆ ನನ್ನ ಕೂದಲಿನ ಕಟ್ಟು ಎರಡಾಗಿತ್ತು, ಕಂದು ಒಂದು ಕಡೆ, ಕಪ್ಪು ಒಂದು ಕಡೆ. ನಾನೇನೂ ಕೇಳಿರಲಿಲ್ಲ.

ಇದನ್ನೂ ಭಾವನಿಗೆ ಹೇಳಬೇಕಾಗಿಲ್ಲ. ದೀಪ ತಿರುಗಿಸುವುದು ಮಾತಲ್ಲ.

ಜುಲೈ ೭, ಭಾನುವಾರ

ಕೆಳಗೆ ಭಾವನ ಮನೆಗೆ ಹೋಗಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು. ಓರಗಿತ್ತಿ ಬಿಸಿಬಿಸಿ ಕಾಫಿ ತಂದುಕೊಟ್ಟರು.

"ಏನಮ್ಮ, ಅವಳ ಕೆಲಸ ಹೇಗಿದೆ?"

"ಮಾಡ್ತಿದಾಳೆ."

"ಯಾರಾದ್ರೂ ಮಾತಾಡಿಸಿದ್ರಾ?"

"ಇಲ್ಲ ಭಾವ. ನಾನಂತೂ ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ."

ನಿಜವನ್ನೇ ಹೇಳಿದೆ. ಭಾವ ನನ್ನ ತಲೆ ಮೇಲೆ ಕೈಯಿಟ್ಟು, "ನನ್ನ ತಮ್ಮ ಇದ್ದಿದ್ರೆ ನಿನ್ನ ನೋಡಿ ಎಷ್ಟು ಹಿಗ್ತಿದ್ದ" ಎಂದರು. ಕೆಟ್ಟ ಮನುಷ್ಯರಾಗಿದ್ದರೆ ಎಷ್ಟು ಸುಲಭವಿತ್ತು! ಗಂಡ ಹೋದಾಗ ಈ ಮನೆಯ ಮೇಲಿನ ಕೋಣೆ ಬಿಟ್ಟುಕೊಟ್ಟವರು ಇವರೇ. ಅದೇ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವರು ಕೆಳಗೆ ಕೆಮ್ಮಿದರೆ ಇಲ್ಲಿ ಕೇಳುತ್ತದೆ. ಪುಸ್ತಕವನ್ನು ಇನ್ನು ಮೇಲೆ ಹಳೆ ಸೀರೆಗಳ ಅಡಿಯಲ್ಲಿಡಬೇಕು.

ಮಗಳು ಕುರ್ಚಿಗಾಗಿ ತಯಾರಾಗುತ್ತಿದ್ದಾಳೆ. ಕೈಮೇಲೆ ಹಾಕಿಕೊಳ್ಳಲು ಹೊಸ ಬಟ್ಟೆ ಹೊಲಿದಿದ್ದಾಳೆ, ನೀಲಿ ಅಂಚು. "ಚೆನ್ನಾಗಿದೆಯಾ ಅಮ್ಮ?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅವಳು ಒಳಗೆ ಹೋದ ಮೇಲೆ ನನಗೆ ಅಳು ಬಂತು.

ನಾನು ಏನು ಮಾಡಿಕೊಂಡಿದ್ದೇನೆ? ಆ ಹುಡುಗಿ ಗೆದ್ದರೆ ನನ್ನ ಮಗಳು ಅಂಟಿನ ಹಬೆಯಲ್ಲಿ. ಸೋತರೆ ಅವಳನ್ನು ಸೋಲಿಸಿದ ಕೈಗಳಲ್ಲಿ ನನ್ನದೂ ಒಂದು. ಬಾಗಿಲೇ ಕಾಣುವುದಿಲ್ಲ. ನಾಳೆಯಿಂದ ಊಟದ ಹೊತ್ತಿಗೆ ಊಟದ ಕೋಣೆಗೇ ಹೋಗುತ್ತೇನೆ. ನಿಶ್ಚಯ.

ಜುಲೈ ೧೦, ಬುಧವಾರ

ಹೋದೆ. ಮೂರು ದಿನವೂ ಅಲ್ಲೇ ಊಟ ಮಾಡಿದೆ. ತಡವಾಗಿತ್ತು. ಪಕ್ಕದ ನಮ್ಮ ಹುಡುಗಿಗೆ ಇನ್ನು ನನ್ನ ಕೈ ಬೇಕಾಗಿಲ್ಲ. ನೆತ್ತಿಯ ಭಾಗವನ್ನೆಲ್ಲ ತಾನೇ ಮುಗಿಸಿದ್ದಾಳೆ, ಒಂದೇ ಸಮ.

ಜುಲೈ ೧೩, ಶನಿವಾರ

ಮಾಲೀಕರು ವಿಗ್ಗನ್ನು ತೊಳೆದು, ಒಣಗಿಸಿ, ಬಿಳಿ ಹಾಳೆಯ ಮೇಲೆ ಹಿಡಿದು ಬಾಚಿದರು. ನಾವೆಲ್ಲ ಸುತ್ತ ನಿಂತಿದ್ದೆವು, ಕೈಮೇಲೆ ಬಟ್ಟೆ. ನಲವತ್ತಕ್ಕೆ ಒಂದು ಉದುರಿತು. ಎಪ್ಪತ್ತಕ್ಕೆ ಇನ್ನೊಂದು. ನೂರಾದಾಗ ಹಾಳೆಯ ಮೇಲೆ ಮೂರು ಕೂದಲು.

"ಮೂರೇ!" ಎಂದು ಮಾಲೀಕರು ಹಲ್ಲು ಕಿರಿದರು. "ಸೋಮವಾರದಿಂದ ನೀನು ಖಾಯಂ. ನೋಡಿ, ನೀವೆಲ್ಲ ಎಷ್ಟು ಚೆನ್ನಾಗಿ ಕಲಿಸಿದೀರಿ!"

ಮೂರು ಎಂದರೆ ಒಂಟಿ ಗಂಟಿನ ಮಾತೇ ಅಲ್ಲ, ಹನ್ನೊಂದು ಮಂದಿಗೂ ಗೊತ್ತು. ತುದಿ ಕತ್ತರಿಸಿ ತರುತ್ತೇನೆಂದು ಮಾಲೀಕರಿಗೆ ಹೇಳಿ ಹಿರಿಯಕ್ಕ ವಿಗ್ಗನ್ನು ತನ್ನ ಮನೆಗೆ ತೆಗೆದುಕೊಂಡು ಹೋದಳು. ನಾಳೆ ತಮ್ಮ ಮನೆಯಲ್ಲಿ ಎಲ್ಲರೂ ಸೇರಬೇಕೆಂದು ಭಾವ ಹೇಳಿಕಳಿಸಿದ್ದಾರೆ.

ಈ ಪುಸ್ತಕವನ್ನು ಸೀರೆಗಳ ಅಡಿಯಲ್ಲಿ ಇನ್ನೂ ಆಳಕ್ಕೆ ತಳ್ಳಿಡುತ್ತೇನೆ.

ಜುಲೈ ೧೪, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಭಾವನ ಪಡಸಾಲೆಯ ನಡುವೆ ಮೇಜು, ಮೇಜಿನ ಮೇಲೆ ವಿಗ್ಗು, ಪಕ್ಕದಲ್ಲಿ ಭೂತಗನ್ನಡಿ. ನಾವು ಹನ್ನೊಂದು ಮಂದಿ ಗೋಡೆಗೊರಗಿ ಕೂತಿದ್ದೆವು. ಭಾವನ ದನಿ ಏರಲಿಲ್ಲ, ಅದೇ ಹೆದರಿಕೆ.

"ಇದು ನಮ್ಮ ಗಂಟೇ ಆಗಿದ್ರೆ ನಾಳೆ ಹನ್ನೊಂದು ಜನವೂ ಕೆಲಸಕ್ಕೆ ಹೋಗಲ್ಲ. ಮಾಲೀಕ್ರು ಅವಳನ್ನ ಎಬ್ಬಿಸೋವರೆಗೂ ಹೋಗಲ್ಲ. ಹೇಳ್ಕೊಟ್ಟವಳು ಯಾರೇ ಆಗಿರ್ಲಿ, ಓಣಿ ಬಿಡಬೇಕು. ನಮ್ಮ ಮನೆಯವಳೇ ಆಗಿದ್ರೂ."

ಹಿರಿಯಕ್ಕ ಕನ್ನಡಿ ಹಿಡಿದು ನೋಡಿ ಕಣ್ಣುಜ್ಜಿಕೊಂಡಳು. "ನಂಗೆ ಇಷ್ಟು ಸಣ್ಣದು ಕಾಣಲ್ಲಪ್ಪ. ಎಳೇ ಕಣ್ಣು ಬೇಕು."

ಭಾವ ನನ್ನ ಮಗಳನ್ನು ಕರೆದರು. ಅವಳಿಗಿಂತ ಎಳೆಯ ಕಣ್ಣು ಅಲ್ಲಿರಲಿಲ್ಲ. ಅದೂ ಅಲ್ಲದೆ ಕುರ್ಚಿ ಸಿಗಬೇಕಾದದ್ದು ಅವಳಿಗೇ.

ಮಗಳು ಬಗ್ಗಿದಳು. ಹಣೆಯ ಸಾಲಿನಿಂದ ಶುರು ಮಾಡಿದಳು. ಅವಳ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಏಳಕ್ಕೆ ನಿಂತಳು. ಮತ್ತೆ ಎಣಿಸಿದಳು. ಮತ್ತೆ ಏಳಕ್ಕೆ ನಿಂತಳು. ನನಗೆ ಆಗ ಹೊಳೆಯಿತು. ಹಣೆಯ ಸಾಲು ನನ್ನದು, ಸರಿ. ಆದರೆ ಅವಳು ಕನ್ನಡಿಯನ್ನು ನೆತ್ತಿಗೆ ಜರುಗಿಸಿದಳು. ಅಲ್ಲಿ ನನ್ನ ಕೈ ಸೋಕಿಯೇ ಇಲ್ಲ. ಅಲ್ಲಿಯೂ ಏಳಕ್ಕೆ ನಿಂತಳು. ಆ ಹುಡುಗಿ ಗಂಟಿನ ಜೊತೆ ನನ್ನ ತಪ್ಪನ್ನೂ ಕಲಿತಿದ್ದಾಳೆ. ನನ್ನ ಉಸಿರನ್ನೂ ಕಲಿತಿದ್ದಾಳೆ.

ಮಗಳು ತಲೆಯೆತ್ತಿದಳು. ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಒಂದು ಮಾತು ಸಾಕಿತ್ತು ಅವಳಿಗೆ, ಕಿಟಕಿಯ ಕುರ್ಚಿ, ಗಾಳಿ, ಕೆಮ್ಮಿಲ್ಲದ ಎದೆ. ಸತ್ಯವನ್ನೇ ಹೇಳಿದರೂ ಸಾಕಿತ್ತು.

"ಇದು ನಮ್ಮ ಗಂಟಲ್ಲ ದೊಡ್ಡಪ್ಪ."

"ಸರಿಯಾಗಿ ನೋಡಿದೆಯಾ?"

"ನೋಡಿದೆ. ಎಡಕ್ಕೇ ಸುತ್ತಿದೆ, ಎಲ್ಲೋ ನೋಡಿ ಕದ್ದಿರಬೇಕು. ಆದ್ರೆ ತಪ್ಪಿದೆ. ಏಳಕ್ಕೊಂದು ಸುತ್ತು ಜಾಸ್ತಿ. ನಮ್ಮೋರು ಯಾರೂ ಹೀಗೆ ಹಾಕಲ್ಲ."

ಹಿರಿಯಕ್ಕ ಕನ್ನಡಿಯನ್ನು ಅವಳ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದಳು. ಮತ್ತೆ ನೋಡಲೇ ಇಲ್ಲ. "ಹುಡುಗಿ ಹೇಳಿದ್ದು ಸರಿ. ನಮ್ಮ ಗಂಟಿಗೆ ಮೂರನೇ ಸುತ್ತೆಲ್ಲಿದೆ? ಏಳಿ, ಮನೇಲಿ ಕೆಲಸ ಬಿದ್ದಿದೆ" ಎಂದಳು. ನನ್ನ ಬಲೆಗೆ ಐದು ತಿಂಗಳು ಗಂಟು ಹಾಕಿದವರಲ್ಲಿ ಮೊದಲನೆಯವಳು ಅವಳು. ನನ್ನ ಹಳೆಯ ಸಾಲುಗಳ ಪಕ್ಕದಲ್ಲೇ ತನ್ನದನ್ನು ಹಾಕಿದವಳು. ಅವಳಿಗೆ ನಿಜಕ್ಕೂ ಕಾಣಲಿಲ್ಲವೋ ಏನೋ, ದೇವರೇ ಬಲ್ಲ.

ಭಾವ ನೆಮ್ಮದಿಯ ಉಸಿರು ಬಿಟ್ಟರು. ಕದ್ದ ಗಂಟಾದರೆ ಅದಕ್ಕೆ ನಮ್ಮವರು ಹೊಣೆಯಲ್ಲ. ಅವಳು ಇರಲಿ, ಮಾತು ಮಾತ್ರ ಬೇಡ ಎಂದು ತೀರ್ಮಾನವಾಯಿತು.

ನಾನು ಉಳಿದೆ. ನಮ್ಮೋರು ಯಾರೂ ಹೀಗೆ ಹಾಕಲ್ಲ ಎಂಬ ಮಾತಿನಿಂದ ಉಳಿದೆ. ನಲವತ್ತು ವರ್ಷ ನಾನು ಹೀಗೇ ಹಾಕಿದ್ದೇನೆ.

ಮೇಲಿನ ಕೋಣೆಗೆ ಬಂದ ಮೇಲೆ ಮಗಳು ನೀಲಿ ಅಂಚಿನ ಬಟ್ಟೆಯನ್ನು ಮಡಚಿ ನನ್ನ ಮುಂದಿಟ್ಟಳು. "ನಿಂದು ಹಳೇದಾಗಿದೆ. ಇದನ್ನ ಹಾಕ್ಕೋ. ಯಾವಾಗ್ಲೂ ಹಾಕ್ಕೊಂಡಿರು, ತಿಳೀತಾ? ನಿನ್ನ ಕೈ ಸುತ್ತೋದನ್ನ ಯಾರಾದ್ರೂ ನೋಡಿದ್ರೆ ಆ ಕನ್ನಡಿ ಮತ್ತೆ ಹೊರಗೆ ಬರತ್ತೆ, ಹಿರಿಯಕ್ಕನ ಮನೇಲೇ ಇದೆ." ನಾನು ಅವಳ ಕೈ ಹಿಡಿಯಲು ಹೋದೆ. ಎಳೆದುಕೊಂಡಳು. "ಅವಳಿಗೆ ಮಾಡೋಕ್ಮುಂಚೆ ಒಂದ್ಸಲ ನನ್ನ ನೆನಪಾಗಲಿಲ್ವಾ ಅಮ್ಮ?"

ದಿನಾ ಆಗುತ್ತಿತ್ತು. ಅವಳ ಬಟ್ಟೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ.

ಜುಲೈ ೧೫, ಸೋಮವಾರ

ಮಗಳು ಬೆಳಿಗ್ಗೆ ಪೆಟ್ಟಿಗೆ ಕಾರ್ಖಾನೆಗೆ ಹೋದಳು.

ಮಧ್ಯಾಹ್ನ ಎಲ್ಲರೂ ಊಟದ ಕೋಣೆಗೆ ಹೋದಾಗ ನಾನು ಏಳಲಿಲ್ಲ. ಮೆಟ್ಟಿಲಿಗೆ ಹೊರಟ ಹುಡುಗಿಯನ್ನು ಸೆರಗು ಹಿಡಿದು ಕೂರಿಸಿದೆ. ಆರು ವಾರದ ನಂತರ ಮೊದಲ ಮಾತು ಆಡಬೇಕಿತ್ತು, ಅದೂ ಇಂಥ ಮಾತು. ಅವಳ ಗಂಟನ್ನು ಯಾರಾದರೂ ನನ್ನದರ ಪಕ್ಕ ಇಟ್ಟು ನೋಡಿದರೆ ಇಬ್ಬರೂ ಸಿಕ್ಕಿಬೀಳುತ್ತೇವೆ.

"ಏಳನೇ ಗಂಟಿಗೆ ಒಂದು ಸುತ್ತು ಜಾಸ್ತಿ ಹಾಕ್ತೀಯ. ಇನ್ಮೇಲೆ ಅದನ್ನ ಬಿಟ್ಬಿಡು. ಅದು ತಪ್ಪು."

ಅವಳು ನನ್ನನ್ನೇ ನೋಡಿದಳು. "ತಪ್ಪಾ? ನಂಗೆ ಮೊದಲು ಕೈಗೆ ಸಿಕ್ಕಿದ್ದೇ ಅದು. ಮಿಕ್ಕಿದ್ದೆಲ್ಲ ಅಷ್ಟು ಬಿಗಿ, ಎಲ್ಲಿ ಶುರುವಾಗತ್ತೆ ಅಂತಾನೇ ಗೊತ್ತಾಗ್ತಿರಲಿಲ್ಲ. ಏಳನೇದು ಬೆರಳಿಗೆ ಸ್ವಲ್ಪ ಉಬ್ಬಿದ ಹಾಗೆ ಸಿಗ್ತಿತ್ತು, ಅಲ್ಲಿಂದ ಬಿಚ್ಚಿದೆ."

"ಇಷ್ಟು ದಿನ ಒಂದು ಮಾತಾದ್ರೂ ಆಡಬಾರದಿತ್ತಾ ನೀನು? ಸೊಕ್ಕಿನವಳು ಅಂದ್ಕೊಂಡಿದ್ದೆ" ಎಂದೆ.

"ನಮ್ಮ ಕಡೆ ಹೇಳಿ ಕಳಿಸಿದಾರಮ್ಮ. ಕೆಲಸ ಮಾಡು, ಅವರ ಹತ್ರ ಮಾತು ಬೇಡ ಅಂತ."

ಇಬ್ಬರಿಗೂ ನಗು ಬಂತು. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆಮೇಲೆ ಬಲೆಯ ತುಂಡೊಂದನ್ನು ನಡುವೆ ಇಟ್ಟುಕೊಂಡು ಕೂತೆವು. ಎರಡು ಸುತ್ತು, ಬಿಗಿ, ಬಿಡು. ಅವಳಿಗೆ ಏಳನೆಯದನ್ನು ತೋರಿಸಲು ಹೋದರೆ ನನ್ನ ಕೈಯೇ ಮೂರನೇ ಸುತ್ತಿಗೆ ಹೊರಡುತ್ತದೆ. ಅವಳದೂ ಹಾಗೇ. ನನ್ನ ಅಮ್ಮನಿಂದಲೂ ಬಿಡಿಸಲಾಗದ್ದನ್ನು ಈಗ ಎರಡು ಕೈಗಳಿಂದ ಬಿಡಿಸಬೇಕು.

ಕಲಿಸಬಾರದು ಎಂದಿದ್ದರು. ಇವತ್ತು ಕಲಿಸಿದೆ. ಇದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಶಕ್ತಿಯಿಲ್ಲ.

ತಟ್ಟೆ ತೊಳೆಯುವ ಸದ್ದು ನಿಂತಿತು, ಹೆಜ್ಜೆಗಳು ಕೇಳಿಸಿದವು. ಮಗಳ ನೀಲಿ ಅಂಚಿನ ಬಟ್ಟೆ ಅಗಲವಾಗಿದೆ. ನನ್ನ ಕೈಮೇಲೆ ಎಳೆದುಕೊಂಡು ಉಳಿದದ್ದನ್ನು ಅವಳ ಕೈಮೇಲೂ ಹಾಕಿದೆ. ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ನಾವು ಬಟ್ಟೆಯ ಅಡಿಯಲ್ಲಿ ಎಣಿಸುತ್ತ ಹೋದೆವು. ಏಳು ಬಂದಾಗ ನಾನು ಉಸಿರು ಬಿಗಿಹಿಡಿದೆ. ಪಕ್ಕದಲ್ಲಿ ಅವಳೂ ಹಿಡಿದಳು.